ಗುಟ್ಟಿನ ನಂಬರಿಗೆ ತಿಂಡಿಪಟ್ಟಿಯ ವೇಷ

ಬೆಳಗ್ಗೆ ಗಾಂಧಿ ಬಜಾರಿನ ಯಾವುದಾದರೂ ದರ್ಶಿನಿಯ ಕೌಂಟರ್ ಪಕ್ಕ ಸ್ವಲ್ಪ ಹೊತ್ತು ನಿಲ್ಲಿ. ಯಾರು ಏನು ಕೇಳುತ್ತಾರೆ ಅಂತ ಹಾಳೆಯ ಮೇಲೆ ಗೀಟು ಹಾಕುತ್ತಾ ಹೋಗಿ. 16 ಆರ್ಡರ್‌ಗಳಲ್ಲಿ ಕಾಫಿ 8, ಇಡ್ಲಿ 4, ದೋಸೆ 2, ಖಾರಾಬಾತ್ 1, ಕೇಸರಿಬಾತ್ 1 ಬಂತು ಅಂದುಕೊಳ್ಳೋಣ.

ಮೊದಲು ಎಲ್ಲಕ್ಕಿಂತ ಚಿಕ್ಕ ಎರಡು ಲೆಕ್ಕಗಳನ್ನು ಜೋಡಿಸಿ. ಖಾರಾಬಾತ್, ಕೇಸರಿಬಾತ್ ಸೇರಿ 2. ಒಂದೇ ತಟ್ಟೆಯ ಚೌಚೌಬಾತ್ ಥರಾನೇ ಅಲ್ವಾ! ಅದಕ್ಕೆ ದೋಸೆ ಸೇರಿದರೆ 4, ಇಡ್ಲಿ ಸೇರಿದರೆ 8, ಕಾಫಿ ಸೇರಿದರೆ 16. ಪ್ರತಿ ಜೋಡಿಯಲ್ಲಿ ಒಂದು ಕಡೆ 0, ಇನ್ನೊಂದು ಕಡೆ 1 ಬರೆಯಿರಿ. ಕೊನೆಯ ಜೋಡಿಯಿಂದ ಒಳಕ್ಕೆ ಓದುತ್ತಾ ಬಂದರೆ ಕಾಫಿಗೆ 0, ಇಡ್ಲಿಗೆ 10, ದೋಸೆಗೆ 110, ಖಾರಾಬಾತ್‌ಗೆ 1110, ಕೇಸರಿಬಾತ್‌ಗೆ 1111 ಸಿಗುತ್ತದೆ. ಇದು ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದ ವಿಧಾನ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಅವರಿಗೆ ಇದು ಹೊಳೆದಿತ್ತು. ಒಂದು 0 ಅಥವಾ ಒಂದು 1 ಅಂದರೆ ಒಂದು ಬಿಟ್. ಐದು ತಿಂಡಿಗೂ ಮೂರು ಮೂರು ಬಿಟ್ ಕೊಟ್ಟಿದ್ದರೆ 16 ಆರ್ಡರ್‌ಗೆ 48 ಬಿಟ್ ಬೇಕಿತ್ತು. ಈಗ 30 ಸಾಕು, ಒಂದು ಆರ್ಡರ್ ಕೂಡ ಕಳೆದುಹೋಗುವುದಿಲ್ಲ.

ಫೈಲ್ ಚಿಕ್ಕದು ಮಾಡಲು ಹುಟ್ಟಿದ ಈ ಕೋಷ್ಟಕವನ್ನು ತಿರುಗಿಸಿ ಹಿಡಿದರೆ ಗುಟ್ಟಿನ ನಂಬರಿಗೆ ವೇಷ ಹಾಕಬಹುದು. ನನಗೆ ತುಂಬಾ ಇಷ್ಟವಾಗುವುದು ಈ ತಿರುವೇ. ಪೀಟರ್ ವೇನರ್ ಇದನ್ನು 1992ರಲ್ಲಿ ಪ್ರಕಟಿಸಿದರು.

ಗೆಳತಿಗೆ 2460 ಅಂತ ಗುಟ್ಟಾಗಿ ಕಳಿಸಬೇಕು ಅನ್ನಿ. 0, 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಅದು 100110011100. ಎಡದಿಂದ ಕೋಷ್ಟಕ ನೋಡಿ ಕತ್ತರಿಸುತ್ತಾ ಬನ್ನಿ. 10 ಇಡ್ಲಿ, 0 ಕಾಫಿ, 110 ದೋಸೆ, 0 ಕಾಫಿ, 1110 ಖಾರಾಬಾತ್, 0 ಕಾಫಿ. ಇಷ್ಟನ್ನೇ ಕಳಿಸಿ. ನೋಡಿದವರಿಗೆ ಅದು ಸುಮ್ನೆ ತಿಂಡಿಪಟ್ಟಿ. ಗೆಳತಿ ಅದೇ ಕೋಷ್ಟಕದಿಂದ 12 ಬಿಟ್‌ಗಳನ್ನೂ ವಾಪಸ್ ಪಡೆಯುತ್ತಾಳೆ. ಬೇರೆ ನಂಬರಿನಲ್ಲಿ ಕೊನೆಗೆ ಬರೀ 1, 11 ಅಥವಾ 111 ಉಳಿದರೆ ಒಂದು 0 ಸೇರಿಸಿ. 12 ಬಿಟ್ ಆದಮೇಲೆ ಬಂದದ್ದನ್ನು ಅವಳು ಬಿಟ್ಟುಬಿಡಲಿ.

ಆದರೆ ಕೋಷ್ಟಕ ಸಿಕ್ಕವರೆಲ್ಲ ಇದನ್ನು ಬಿಡಿಸಬಲ್ಲರು. ಹಾಗಾಗಿ ವೇಷಕ್ಕೆ ಮುಂಚೆ ಬೀಗ ಹಾಕಲೇಬೇಕು. ಇಬ್ಬರೂ ಭೇಟಿಯಾದಾಗ ನಾಣ್ಯವನ್ನು 12 ಸಲ ಚಿಮ್ಮಿ, ತಲೆ ಬಿದ್ದರೆ 1, ಬಾಲ ಬಿದ್ದರೆ 0 ಅಂತ ಬರೆದಿಟ್ಟುಕೊಳ್ಳಿ. ನಂಬರಿನ ಬಿಟ್, ನಾಣ್ಯದ ಬಿಟ್ ಒಂದೇ ಆದರೆ 0, ಬೇರೆ ಆದರೆ 1. ಆ ಸಾಲಿಗೇ ತಿಂಡಿಯ ವೇಷ ಹಾಕಿ. ಗೆಳತಿ ವೇಷ ಕಳಚಿ, ತನ್ನ ಬಳಿಯ ನಾಣ್ಯದ ಸಾಲಿನ ಜೊತೆ ಹೀಗೇ ಹೋಲಿಸಿದರೆ ನಂಬರು ವಾಪಸ್ ಸಿಗುತ್ತದೆ. ನಾಣ್ಯದ ಸಾಲನ್ನು ಗುಟ್ಟಾಗಿಟ್ಟು ಒಂದೇ ಸಲ ಬಳಸಿದರೆ ಈ ಬೀಗ ಒಡೆಯಲು ಆಗುವುದೇ ಇಲ್ಲ ಎಂದು ಕ್ಲಾಡ್ ಶ್ಯಾನನ್ 1949ರಲ್ಲಿ ತೋರಿಸಿದರು. ಇನ್ನೊಂದು ಲಾಭವೂ ಉಂಟು. ನಾಣ್ಯದಿಂದ ಬಂದ ಸಾಲಿನಲ್ಲಿ 0, 1 ಸಮಸಮ. ಹಾಗಾಗಿ ಪಟ್ಟಿ ಉದ್ದವಾದಷ್ಟೂ ಕಾಫಿ ಸುಮಾರು ಅರ್ಧ, ಇಡ್ಲಿ ಸುಮಾರು ಕಾಲುಭಾಗ ಬರುತ್ತದೆ, ದರ್ಶಿನಿಯಲ್ಲಿ ಎಣಿಸಿದ ಹಾಗೆಯೇ.

ಒಂದು ಕೊರತೆ ಉಳಿಯುತ್ತದೆ. ಬಿಟ್‌ನಲ್ಲಿ 0000 ಬಂದರೆ ಒಬ್ಬರೇ ನಾಲ್ಕು ಕಾಫಿ ಕುಡಿದಂತೆ ಕಾಣುತ್ತದೆ. ಅದಕ್ಕೆ ಮತ್ತೆ ಕೌಂಟರ್ ಹತ್ತಿರ ಹೋಗಿ, ಇಡ್ಲಿ ಆದಮೇಲೆ ಏನು ಕೇಳುತ್ತಾರೆ, ಕಾಫಿ ಆದಮೇಲೆ ಏನು ಅಂತ ಬೇರೆ ಬೇರೆಯಾಗಿ ಎಣಿಸಿ. ಒಂದೊಂದಕ್ಕೂ ಒಂದೊಂದು ಕೋಷ್ಟಕ ಮಾಡಿ, ಹಿಂದಿನ ತಿಂಡಿ ನೋಡಿಕೊಂಡು ಮುಂದಿನದನ್ನು ಆರಿಸಿ.