ಮಸುಕು ಗ್ಯಾಲಕ್ಸಿ, ಪ್ಲಾನೆಟರಿ ನೆಬ್ಯುಲಾಗಳನ್ನು ಕಣ್ಣಲ್ಲೇ ಹಿಡಿಯುವುದು: ನನ್ನ ಅನುಭವ

ಆಕಾಶಕಾಯಗಳ ಕ್ಯಾಟಲಾಗಿನಲ್ಲಿ ಎಂ 101 ಗ್ಯಾಲಕ್ಸಿಯ ಕಾಂತಿಮಾನ 7.9 (ಎಂ, ಎನ್‌ಜಿಸಿ ಎಂಬವು ಇಂಥ ಪಟ್ಟಿಗಳ ಹೆಸರು). ಎನ್‌ಜಿಸಿ 7662 ಎಂಬ ಪ್ಲಾನೆಟರಿ ನೆಬ್ಯುಲಾದ್ದು, ಅಂದರೆ ಸಾಯುತ್ತಿರುವ ನಕ್ಷತ್ರ ಹೊರಚೆಲ್ಲಿದ ಅನಿಲದ ಚಿಪ್ಪಿನದ್ದು, ಸುಮಾರು 8.3. ಸಂಖ್ಯೆ ಕಡಿಮೆಯಾದಷ್ಟೂ ಪ್ರಕಾಶ ಹೆಚ್ಚು, ಆದ್ದರಿಂದ ಎಂ 101 ಮೊದಲು ಸಿಗಬೇಕು. ಆಗುವುದು ತಿರುಗುಮುರುಗು. 7662 ಊರಿನ ದೀಪಗಳ ನಡುವೆಯೂ ಪುಟ್ಟ ನೀಲಿ ಬಿಲ್ಲೆಯಾಗಿ ಸಿಕ್ಕಿಬಿಡುತ್ತದೆ. ಎಂ 101 ದೂರದರ್ಶಕದ ಐಪೀಸಿನ (ಕಣ್ಣಿಡುವ ಮಸೂರದ) ನಟ್ಟನಡುವೆ ಇದ್ದರೂ "ಇಲ್ಲೇನೂ ಇಲ್ಲ" ಅಂದುಕೊಂಡು ಮುಂದಕ್ಕೆ ಹೋಗಿಬಿಡುತ್ತೇವೆ.

ಕಾಂತಿಮಾನ ಎಂದರೆ ಇಡೀ ಕಾಯದ ಬೆಳಕನ್ನು ಒಂದೇ ಚುಕ್ಕೆಗೆ ಒಟ್ಟುಮಾಡಿ ಹೇಳುವ ಲೆಕ್ಕ. 7662ರ ಬೆಳಕೆಲ್ಲ ಅರ್ಧ ಆರ್ಕ್ ಮಿನಿಟ್ (ಆರ್ಕ್ ಮಿನಿಟ್ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು) ಅಗಲದಲ್ಲಿ ಮುಗಿಯುತ್ತದೆ. ಎಂ 101ರ ಬೆಳಕು ಸುಮಾರು 28 ಆರ್ಕ್ ಮಿನಿಟ್ ಅಗಲಕ್ಕೆ, ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಜಾಗಕ್ಕೆ ಬಳಿದುಹೋಗಿರುತ್ತದೆ. ಹಾಗಾಗಿ ನಾನು ಪಟ್ಟಿ ಮಾಡುವಾಗ ಕಾಂತಿಮಾನವನ್ನು ಬದಿಗಿಟ್ಟು ಮೇಲ್ಮೈ ಪ್ರಕಾಶ ನೋಡುತ್ತೇನೆ. ಲೆಕ್ಕ ಸುಲಭ: ಕಾಯದ ವಿಸ್ತೀರ್ಣವನ್ನು ಚದರ ಆರ್ಕ್ ಮಿನಿಟಿನಲ್ಲಿ ತೆಗೆದು, ಅದರ ಲಾಗ್ ಅನ್ನು 2.5ರಿಂದ ಗುಣಿಸಿ, ಕಾಂತಿಮಾನಕ್ಕೆ ಕೂಡಿಸಬೇಕು. ಎಂ 101ಕ್ಕೆ 14.9 ಬರುತ್ತದೆ. ಒಳ್ಳೆಯ ಕತ್ತಲ ಆಕಾಶ ಚದರ ಆರ್ಕ್ ಸೆಕೆಂಡಿಗೆ (ಆರ್ಕ್ ಸೆಕೆಂಡ್ ಎಂದರೆ ಆರ್ಕ್ ಮಿನಿಟಿನ ಅರವತ್ತನೇ ಒಂದು ಪಾಲು) 21.5, ಅಂದರೆ ಚದರ ಆರ್ಕ್ ಮಿನಿಟಿಗೆ 12.6. ಅಲ್ಲಿ ಎಂ 101 ಆಕಾಶದ ಹಿನ್ನೆಲೆಯ ಮೇಲೆ ಸುಮಾರು ಎಂಟನೇ ಒಂದು ಪಾಲು ಬೆಳಕು ಸೇರಿಸುತ್ತದೆ. ಊರಿನೊಳಗಿನ 18.5ರ ಆಕಾಶದಲ್ಲಿ ಅದೇ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಅಷ್ಟು ಸಣ್ಣ ವ್ಯತ್ಯಾಸವನ್ನು ಯಾವ ಕಣ್ಣೂ ಹಿಡಿಯಲಾರದು, ದೂರದರ್ಶಕದ ಕನ್ನಡಿ ಎಷ್ಟು ದೊಡ್ಡದಿದ್ದರೂ ಅಷ್ಟೇ. ದೊಡ್ಡ ಕನ್ನಡಿ ಗ್ಯಾಲಕ್ಸಿಯ ಬೆಳಕಿನ ಜೊತೆ ಆಕಾಶದ ಬೆಳಕನ್ನೂ ತಂದು ಸುರಿಯುತ್ತದೆ. ದುಡ್ಡು ಕನ್ನಡಿಗೆ ಹಾಕುವ ಮೊದಲು ಕತ್ತಲಿಗೆ ಹಾಕಿ ಎಂದು ನಾನು ಹೇಳುವುದು ಇದಕ್ಕೇ.

ನಾನು ಬಳಸುವುದು 250 ಮಿ.ಮೀ. ವ್ಯಾಸದ, ಎಫ್ 5 ಅನುಪಾತದ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೂತ ಕನ್ನಡಿ ದೂರದರ್ಶಕ. ನಾಭಿದೂರ 1250 ಮಿ.ಮೀ. ಮೂರ್ನಾಲ್ಕು ಐಪೀಸ್ ಸಾಕು: 25 ಮಿ.ಮೀ. (50 ಪಟ್ಟು ದೊಡ್ಡದಾಗಿ ತೋರಿಸುತ್ತದೆ), 13 ಮಿ.ಮೀ. (96 ಪಟ್ಟು), 8 ಮಿ.ಮೀ. (156 ಪಟ್ಟು), 5 ಮಿ.ಮೀ. (250 ಪಟ್ಟು). ಐಪೀಸಿನ ನಾಭಿದೂರವನ್ನು ಎಫ್ ಅನುಪಾತದಿಂದ ಭಾಗಿಸಿದರೆ ಎಕ್ಸಿಟ್ ಪ್ಯೂಪಿಲ್, ಅಂದರೆ ಐಪೀಸಿನಿಂದ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ, ಸಿಗುತ್ತದೆ. ಇಲ್ಲಿ ಅದು ಕ್ರಮವಾಗಿ 5, 2.6, 1.6, 1 ಮಿ.ಮೀ. ನಿಮ್ಮ ದೂರದರ್ಶಕ ಬೇರೆಯಾದರೆ ಪಟ್ಟಿನ ಲೆಕ್ಕ ಬಿಟ್ಟು ಈ ಎಕ್ಸಿಟ್ ಪ್ಯೂಪಿಲ್ ಸಂಖ್ಯೆಗಳನ್ನೇ ಹೊಂದಿಸಿಕೊಳ್ಳಿ.

ಹೊಸಬರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿರುತ್ತದೆ: ಮಸುಕು ವಸ್ತುವಿಗೆ ಕಡಿಮೆ ಪಟ್ಟು ಹಾಕಬೇಕು ಎಂದು. ಗ್ಯಾಲಕ್ಸಿಗಳ ಮಟ್ಟಿಗೆ ಇದು ಬಹುಪಾಲು ತಪ್ಪು. ಪಟ್ಟು ಎರಡರಷ್ಟಾದಾಗ ಗ್ಯಾಲಕ್ಸಿ ನಾಲ್ಕನೇ ಒಂದಕ್ಕೆ ಮಸುಕಾಗುತ್ತದೆ ನಿಜ, ಆದರೆ ಹಿನ್ನೆಲೆ ಆಕಾಶವೂ ಅಷ್ಟೇ ಮಸುಕಾಗುತ್ತದೆ. ಇಬ್ಬರ ಅನುಪಾತ ಬದಲಾಗುವುದಿಲ್ಲ. ಬದಲಾಗುವುದು ಕಣ್ಣಿಗೆ ಕಾಣುವ ಗಾತ್ರ. ಮಂಕು ಬೆಳಕಿನಲ್ಲಿ ಕಣ್ಣು ಸಣ್ಣ ಕಲೆಗಿಂತ ದೊಡ್ಡ ಕಲೆಯನ್ನು ಬೇಗ ಗುರುತಿಸುತ್ತದೆ. 2-3 ಆರ್ಕ್ ಮಿನಿಟಿನ ಗ್ಯಾಲಕ್ಸಿಗೆ ನಾನು 13 ಮಿ.ಮೀ.ನಿಂದ ಶುರುಮಾಡಿ 8ಕ್ಕೆ ಇಳಿಯುತ್ತೇನೆ, 25 ಮಿ.ಮೀ. ಬರೀ ದಾರಿ ಹುಡುಕಲು. ಎಂ 33, ಎಂ 101ರಂಥ ದೊಡ್ಡವಕ್ಕೆ ಮಾತ್ರ 25 ಮಿ.ಮೀ.ನಲ್ಲೇ ನಿಲ್ಲಬೇಕು. ಅವು ಐಪೀಸಿನ ವೃತ್ತವನ್ನೆಲ್ಲ ತುಂಬಿಬಿಟ್ಟರೆ ಅಂಚು ಎಲ್ಲಿ, ಆಕಾಶ ಎಲ್ಲಿ ಎಂದು ಹೋಲಿಸಲು ಏನೂ ಉಳಿಯುವುದಿಲ್ಲ.

ರಾತ್ರಿಯ ಆಯ್ಕೆ. ಅಮಾವಾಸ್ಯೆಯ ಆಚೀಚೆ ನಾಲ್ಕೈದು ದಿನ, ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದ ಮೇಲೆ. ಗ್ರಹ ನೋಡುವವರಿಗೆ ಗಾಳಿ ನಡುಗಬಾರದು. ನಮಗೆ ಬೇಕಾದದ್ದು ಆಕಾಶದ ತಿಳಿ. ನಕ್ಷತ್ರಗಳು ಮಿಣಮಿಣ ಎಂದರೂ ಪರವಾಗಿಲ್ಲ, ಧೂಳು ಮಂಜು ಇರಬಾರದು. ಮಳೆ ತೊಳೆದುಹೋದ ಮರುದಿನದ ರಾತ್ರಿ ಹಲವು ಸಲ ಇದಕ್ಕೆ ಹೇಳಿಮಾಡಿಸಿದ್ದು. ಕಾಯ ಮಧ್ಯಾಹ್ನರೇಖೆ ದಾಟುವ, ಅಂದರೆ ಆಕಾಶದಲ್ಲಿ ಅತಿ ಎತ್ತರಕ್ಕೆ ಬರುವ, ವೇಳೆಗೆ ಪಟ್ಟಿ ಹೊಂದಿಸಿಕೊಳ್ಳಿ. ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿ ಬೆಳಕು ನೆತ್ತಿಗಿಂತ ಎರಡರಷ್ಟು ಗಾಳಿ ದಾಟಿ ಬರಬೇಕು. ಅದಕ್ಕಿಂತ ಕೆಳಗಿನದ್ದನ್ನು ನಾನು ಮುಟ್ಟುವುದೇ ಕಡಿಮೆ.

ದೂರದರ್ಶಕವನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು ಕನ್ನಡಿ ತಣಿಯಲು ಬಿಡುತ್ತೇನೆ. ಕಾಲಿಮೇಶನ್, ಅಂದರೆ ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವುದು, ಪ್ರತಿ ಸಲವೂ. "ಮಸುಕು ಕಲೆ ನೋಡಲು ಅಷ್ಟು ನಿಖರತೆ ಯಾಕೆ" ಎನ್ನುವವರಿದ್ದಾರೆ. ಕನ್ನಡಿ ತಪ್ಪಿದ್ದರೆ 13ನೇ ಕಾಂತಿಮಾನದ ನಕ್ಷತ್ರವೂ ಪುಟ್ಟ ಮಂಜಾಗಿ ಕಂಡು ಗ್ಯಾಲಕ್ಸಿಯ ವೇಷ ಹಾಕುತ್ತದೆ. ಐಪೀಸ್ ಕೂರುವ ಫೋಕಸರಿನ ಎದುರಿಗೆ ಟ್ಯೂಬಿನ ಒಳಗೋಡೆಗೆ ಕಪ್ಪು ಮಖಮಲ್ಲಿನಂಥ ಹಾಳೆ ಅಂಟಿಸುವುದು ಒಂದು ತಾಸಿನ ಕೆಲಸ. ಹಿನ್ನೆಲೆ ಕಪ್ಪಾಗುವುದು ಕಣ್ಣಿಗೇ ಗೊತ್ತಾಗುತ್ತದೆ. ಇಬ್ಬನಿ ಮೊದಲು ಕೂರುವುದು ಫೈಂಡರಿನ (ಗುರಿ ಹಿಡಿಯುವ ಪುಟ್ಟ ದೂರದರ್ಶಕದ) ಗಾಜಿನ ಮೇಲೆ, ಆಮೇಲೆ ಐಪೀಸಿನ ಮೇಲೆ, ತಡರಾತ್ರಿ ಚಿಕ್ಕ ಕನ್ನಡಿಯ ಮೇಲೆ. ಗ್ಯಾಲಕ್ಸಿಗಳು ಒಂದೊಂದಾಗಿ ಮಾಯವಾಗತೊಡಗಿದರೆ ಆಕಾಶವನ್ನು ಬೈಯುವ ಮೊದಲು ಚಿಕ್ಕ ಕನ್ನಡಿಯನ್ನು ನೋಡಿ. ಹೆಚ್ಚಿನ ಸಲ ಕಾರಣ ಅಲ್ಲಿರುತ್ತದೆ. ಬಟ್ಟೆಯಿಂದ ಒರೆಸಲೇಬೇಡಿ, ಬೆಚ್ಚಗಿನ ಗಾಳಿ ಸಾಕು.

ಇನ್ನು ಕಣ್ಣು. ಪಾಪೆ ಕೆಲವೇ ನಿಮಿಷದಲ್ಲಿ ಅರಳುತ್ತದೆ, ಆದರೆ ಮಂದ ಬೆಳಕನ್ನು ಹಿಡಿಯುವ ಅಕ್ಷಿಪಟದ ದಂಡಕೋಶಗಳು ಪೂರ್ತಿ ಎಚ್ಚರವಾಗಲು 30-40 ನಿಮಿಷ ಬೇಕು. ಒಂದು ಸಲ ಮೊಬೈಲ್ ಪರದೆ ನೋಡಿದರೆ ಗಡಿಯಾರ ಮತ್ತೆ ಸೊನ್ನೆಗೆ. ಕೆಂಪು ದೀಪವೂ ಪ್ರಖರವಾಗಿದ್ದರೆ ಹಾಳುಮಾಡುತ್ತದೆ. ನಕ್ಷೆಯ ಗೆರೆ ಕಷ್ಟಪಟ್ಟು ಕಾಣುವಷ್ಟು ಮಂದವಾಗಿರಲಿ. ತಲೆ, ಐಪೀಸು ಎರಡನ್ನೂ ಮುಚ್ಚುವ ಕರಿ ಬಟ್ಟೆ ಹೊದ್ದುಕೊಳ್ಳಿ. ನೋಡುವವರಿಗೆ ಹಾಸ್ಯ, ಆದರೆ ಇಷ್ಟು ಅಗ್ಗದ ಬೇರೆ ಯಾವ ಉಪಕರಣವೂ ಇಷ್ಟು ಫಲ ಕೊಡುವುದಿಲ್ಲ. ಬಟ್ಟೆಯೊಳಗೆ ಉಸಿರು ಐಪೀಸಿಗೆ ತಾಗದಂತೆ ನೋಡಿಕೊಳ್ಳಿ, ಹಾಗೆಂದು ಉಸಿರು ಬಿಗಿಹಿಡಿಯಬೇಡಿ. ಉಸಿರು ಕಟ್ಟಿದರೆ ಕಣ್ಣಿನ ಸೂಕ್ಷ್ಮತೆ ಇಳಿಯುತ್ತದೆ.

ಓರೆನೋಟದ ಬಗ್ಗೆ ಎಲ್ಲರೂ ಹೇಳುತ್ತಾರೆ, ಯಾವ ಕಡೆಗೆ ಓರೆ ಎಂದು ಹೇಳುವವರು ಕಡಿಮೆ. ಅಕ್ಷಿಪಟದ ನಡುವೆ ದಂಡಕೋಶಗಳೇ ಇಲ್ಲ, ಆದ್ದರಿಂದ ನೇರ ದಿಟ್ಟಿಸಿದರೆ ಮಸುಕು ವಸ್ತು ಕರಗುತ್ತದೆ. ನೋಟವನ್ನು 10 ಡಿಗ್ರಿಗೂ ಹೆಚ್ಚು ಪಕ್ಕಕ್ಕೆ ಸರಿಸಬೇಕು. ಆದರೆ ಪ್ರತಿ ಕಣ್ಣಿಗೂ ಕಿವಿಯ ಕಡೆ ಸುಮಾರು 15 ಡಿಗ್ರಿಯಲ್ಲಿ ಕುರುಡು ಚುಕ್ಕೆ ಇದೆ. ಬಲಗಣ್ಣಿನಲ್ಲಿ ನೋಡುವಾಗ ವಸ್ತುವಿನ ಬಲಕ್ಕೆ ದೃಷ್ಟಿ ನೆಡಿ. ಆಗ ವಸ್ತು ಮೂಗಿನ ಕಡೆಗೆ ಬೀಳುತ್ತದೆ, ಕುರುಡು ಚುಕ್ಕೆ ಅಡ್ಡ ಬರುವುದಿಲ್ಲ. ಎಡಗಣ್ಣಿಗೆ ಇದರ ಉಲ್ಟಾ. ಹಾಗೂ ಕಾಣದಿದ್ದರೆ ಟ್ಯೂಬನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ನಿಂತ ಮಸುಕಿಗಿಂತ ಅಲುಗುವ ಮಸುಕನ್ನು ಕಣ್ಣು ಬೇಗ ಹಿಡಿಯುತ್ತದೆ.

ಒಂದೇ ಕಾಯದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದಕ್ಕೆ ಎನ್‌ಜಿಸಿ 4565 ಒಳ್ಳೆಯ ಪಾಠ. ಕೋಮಾ ಬೆರೆನಿಸಿಸ್ ನಕ್ಷತ್ರಪುಂಜದಲ್ಲಿ, ನಕ್ಷೆಯಲ್ಲಿ 17 ಎಂದು ಗುರುತಿಸಿದ ನಕ್ಷತ್ರದಿಂದ ಪೂರ್ವಕ್ಕೆ 1.7 ಡಿಗ್ರಿ. ಅಂಚಿನಿಂದ ಕಾಣುವ ಗ್ಯಾಲಕ್ಸಿ, ಉದ್ದ ಸುಮಾರು 16 ಆರ್ಕ್ ಮಿನಿಟ್. 50 ಪಟ್ಟಿನಲ್ಲಿ ಮೊದಲ ನಿಮಿಷ ಕಾಣುವುದು ಒಂದು ಗೀರು, ನಡುವೆ ಸಣ್ಣ ಉಬ್ಬು. 96ಕ್ಕೆ ಏರಿಸಿ ಐದು ನಿಮಿಷ ಓರೆನೋಟ ಹಿಡಿದರೆ ಗೀರು ಎರಡೂ ಕಡೆ ಬೆಳೆಯುತ್ತ ಹೋಗುತ್ತದೆ. ಮೊದಲು ಅಳೆದದ್ದರ ಎರಡರಷ್ಟು ಉದ್ದವಾದರೂ ಆಶ್ಚರ್ಯವಿಲ್ಲ. ನಡುವಿನ ಈಶಾನ್ಯಕ್ಕೆ ಅಂಟಿದಂತೆ ಒಂದು ಮಸುಕು ನಕ್ಷತ್ರ ಇಣುಕುತ್ತದೆ. 156ರಲ್ಲಿ, ಹತ್ತು ನಿಮಿಷ ಕಳೆದ ಮೇಲೆ, ಆ ನಕ್ಷತ್ರಕ್ಕೂ ಉಬ್ಬಿಗೂ ನಡುವೆ ಒಂದು ಅಂಚು ಚಾಕುವಿನಿಂದ ಕೊಯ್ದಂತೆ ನೇರವಾಗಿದೆ ಎನಿಸುತ್ತದೆ. ಅದೇ ಧೂಳಿನ ಪಟ್ಟಿ. ಕಪ್ಪು ಗೆರೆಯಾಗಿ ಕಾಣುವ ಮೊದಲು ಅದು ಹೀಗೆ "ಉಬ್ಬಿನ ಒಂದು ಬದಿ ಹೆಚ್ಚು ಚೂಪು" ಎಂಬ ಅನುಮಾನವಾಗಿಯೇ ಬರುತ್ತದೆ. ಅರ್ಧ ನಿಮಿಷಕ್ಕೆ ಮುಂದಿನದಕ್ಕೆ ಓಡಿದವರಿಗೆ ಉಳಿಯುವುದು ಗೀರು ಮಾತ್ರ.

ದಿಕ್ಕು ಗೊತ್ತಿಲ್ಲದಿದ್ದರೆ ಇವೆಲ್ಲ ವ್ಯರ್ಥ. ಟ್ಯೂಬನ್ನು ಅಲುಗಿಸದೆ ಬಿಟ್ಟಾಗ ನಕ್ಷತ್ರಗಳು ಹೊರಹೋಗುವ ಅಂಚು ಪಶ್ಚಿಮ. ಧ್ರುವ ನಕ್ಷತ್ರದ ಕಡೆಗೆ ತುಸು ತಳ್ಳಿದಾಗ ಹೊಸ ನಕ್ಷತ್ರಗಳು ಒಳಬರುವ ಅಂಚು ಉತ್ತರ. ನನ್ನದರಂಥ ಎರಡು ಕನ್ನಡಿಯ ನ್ಯೂಟೋನಿಯನ್‌ನಲ್ಲಿ ನಕ್ಷೆಯನ್ನು ಬರೀ ತಿರುಗಿಸಿದರೆ ಸಾಕು. ಡಯಾಗನಲ್ (ಐಪೀಸಿನ ಮುಂಚೆ ಬೆಳಕನ್ನು ಬಾಗಿಸುವ ಕನ್ನಡಿ) ಇರುವ ಟ್ಯೂಬಿನಲ್ಲಿ ಎಡ-ಬಲ ಅದಲುಬದಲಾಗಿರುತ್ತದೆ, ನಕ್ಷೆಯನ್ನೂ ಹಾಗೆಯೇ ಮುದ್ರಿಸಿಕೊಳ್ಳಿ. ಕನ್ಯಾ ರಾಶಿಯ ಗ್ಯಾಲಕ್ಸಿಗಳ ಗುಂಪಿಗೆ ಇಳಿಯುವ ಮೆಟ್ಟಿಲು ಇದು: ಸಿಂಹದ ಬಾಲದ ತುದಿಯ ನಮ್ಮ ಉತ್ತರಾ ನಕ್ಷತ್ರ, ಅಂದರೆ ಡೆನೆಬೋಲಾ, ಅಲ್ಲಿಂದ ಕನ್ಯಾ ರಾಶಿಯ ವಿಂಡೆಮಿಯಾಟ್ರಿಕ್ಸ್ ನಕ್ಷತ್ರಕ್ಕೆ ಗೆರೆ ಎಳೆದರೆ ಸರಿಸುಮಾರು ಮಧ್ಯದಲ್ಲಿ ಎಂ 84, ಎಂ 86 ಜೋಡಿ. ಅಲ್ಲಿಂದ ಈಶಾನ್ಯಕ್ಕೆ ಮಾರ್ಕೇರಿಯನ್ ಸರಪಳಿಯನ್ನು ಗ್ಯಾಲಕ್ಸಿಯಿಂದ ಗ್ಯಾಲಕ್ಸಿಗೆ ಹೆಜ್ಜೆಯಿಟ್ಟು ಹೋಗಬಹುದು. ಅಲ್ಲಿ ನಕ್ಷತ್ರಕ್ಕಿಂತ ಗ್ಯಾಲಕ್ಸಿಯನ್ನೇ ಗುರುತಾಗಿ ಇಟ್ಟುಕೊಳ್ಳುವುದು ಸುಲಭ. ದಾರಿ ತಪ್ಪಿದರೆ ಊಹಿಸುತ್ತ ಅಲೆಯಬೇಡಿ, ಎಂ 84ಕ್ಕೇ ವಾಪಸ್ ಬನ್ನಿ.

ಪಕ್ಕದ ಪ್ರಖರ ನಕ್ಷತ್ರವೂ ಆಟ ಆಡಿಸುತ್ತದೆ. ಆಂಡ್ರೊಮಿಡಾ ಪುಂಜದ ಮಿರಾಕ್ ನಕ್ಷತ್ರದಿಂದ ವಾಯವ್ಯಕ್ಕೆ 7 ಆರ್ಕ್ ಮಿನಿಟಿನಲ್ಲಿ ಎನ್‌ಜಿಸಿ 404 ಗ್ಯಾಲಕ್ಸಿ ಇದೆ. ಕಡಿಮೆ ಪಟ್ಟಿನಲ್ಲಿ ಅದು ಐಪೀಸಿನೊಳಗಿನ ಪ್ರತಿಫಲನದಂತೆಯೇ ಕಾಣುವುದರಿಂದ ಮಿರಾಕ್‌ನ ದೆವ್ವ ಎಂದೇ ಹೆಸರು. 156 ಪಟ್ಟು ಹಾಕಿ, ಮಿರಾಕ್ ಅನ್ನು ಅಂಚಿನಾಚೆ ತಳ್ಳಿ. ಟ್ಯೂಬ್ ಅಲುಗಿಸಿದಾಗ ಪ್ರತಿಫಲನ ಬೇರೆ ದಿಕ್ಕಿಗೆ ಜಾರುತ್ತದೆ, ಗ್ಯಾಲಕ್ಸಿ ಸುತ್ತಲಿನ ನಕ್ಷತ್ರಗಳ ಜೊತೆಗೇ ಸಾಗುತ್ತದೆ.

ಪ್ಲಾನೆಟರಿ ನೆಬ್ಯುಲಾಗಳ ಬಾಳೇ ಬೇರೆ. ಹೆಚ್ಚಿನವು ಚಿಕ್ಕವು, ಪ್ರಖರ. ಕಷ್ಟ ಕಾಣುವುದರಲ್ಲಿಲ್ಲ, ನಕ್ಷತ್ರಗಳ ನಡುವೆ ಅದು ಯಾವುದು ಎಂದು ಗುರುತಿಸುವುದರಲ್ಲಿದೆ. 1864ರಲ್ಲಿ ಖಗೋಳವಿಜ್ಞಾನಿ ವಿಲಿಯಂ ಹಗಿನ್ಸ್ ಎನ್‌ಜಿಸಿ 6543 ಎಂಬ ಪ್ಲಾನೆಟರಿ ನೆಬ್ಯುಲಾದ ಬೆಳಕನ್ನು ರೋಹಿತದರ್ಶಕದಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಉಪಕರಣದಲ್ಲಿ) ನೋಡಿದಾಗ ಕಾಮನಬಿಲ್ಲಿನ ಪಟ್ಟಿ ಬರಲಿಲ್ಲ, ಕೆಲವೇ ಗೆರೆಗಳು ಬಂದವು. ಅವುಗಳಲ್ಲಿ ಮುಖ್ಯವಾದ ಎರಡು, 495.9 ಮತ್ತು 500.7 ನ್ಯಾನೊಮೀಟರ್, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್ನಿನವು. ಓ-ತ್ರೀ ಫಿಲ್ಟರ್ ಈ ಎರಡನ್ನು ಬಿಟ್ಟು ಉಳಿದುದನ್ನು ತಡೆಯುತ್ತದೆ. ಗ್ಯಾಲಕ್ಸಿಯದು ನಕ್ಷತ್ರಗಳ ಬೆಳಕು, ಎಲ್ಲ ಬಣ್ಣದಲ್ಲೂ ಹರಡಿದ್ದು. ಅದಕ್ಕೆ ಈ ಫಿಲ್ಟರ್ ಹಾಕಿದರೆ ಗ್ಯಾಲಕ್ಸಿಯನ್ನೇ ಒರೆಸಿಹಾಕಿದಂತೆ. ಹಿಂದಿನ ನೆಬ್ಯುಲಾಕ್ಕೆ ಸಿಕ್ಕಿಸಿದ ಫಿಲ್ಟರ್ ತೆಗೆಯಲು ಮರೆತು ಗ್ಯಾಲಕ್ಸಿ ಹುಡುಕುವುದು ಬಹಳ ಸಾಮಾನ್ಯ ಎಡವಟ್ಟು. ಎಂ 33ರೊಳಗಿನ ಎನ್‌ಜಿಸಿ 604ರಂಥ ಅನಿಲ ಮೋಡಗಳು ಇದಕ್ಕೆ ಅಪವಾದ, ಅವು ಫಿಲ್ಟರಿಗೆ ಒಲಿಯುತ್ತವೆ.

ಓಫಿಯೂಕಸ್ ನಕ್ಷತ್ರಪುಂಜದ ಎನ್‌ಜಿಸಿ 6572ರಂಥ ಪ್ಲಾನೆಟರಿ 50 ಪಟ್ಟಿನಲ್ಲಿ ಅಪ್ಪಟ ನಕ್ಷತ್ರವೇ. ಆಗ ಫಿಲ್ಟರನ್ನು ಐಪೀಸಿಗೆ ತಿರುಪಬೇಡಿ. ಅಂಚು ಹಿಡಿದು ಕಣ್ಣಿಗೂ ಐಪೀಸಿಗೂ ನಡುವೆ ತಂದು ತೆಗೆದು ಮಾಡಿ. ಸುತ್ತಲಿನ ನಕ್ಷತ್ರಗಳೆಲ್ಲ ಕುಗ್ಗುತ್ತವೆ, ಒಂದು ಮಾತ್ರ ಹಾಗೇ ನಿಲ್ಲುತ್ತದೆ. ಸಿಕ್ಕಿತು. ಆಮೇಲೆ ಫಿಲ್ಟರ್ ಜೇಬಿಗೆ ಹಾಕಿ 250 ಪಟ್ಟಿಗೆ ಹೋಗಿ, ಬಿಲ್ಲೆ ತೆರೆದುಕೊಳ್ಳುತ್ತದೆ. ಹಸಿರು ಬಣ್ಣ ನೋಡಬೇಕೆಂದರೆ ಪಟ್ಟು ಇಳಿಸಿ ನೇರ ನೋಡಬೇಕು, ಏಕೆಂದರೆ ಬಣ್ಣ ಹಿಡಿಯುವುದು ನಡುವಿನ ಶಂಕುಕೋಶಗಳು. ಇದಕ್ಕೆ ವಿರುದ್ಧ ತುದಿಯಲ್ಲಿ ಹೀಲಿಕ್ಸ್, ಎನ್‌ಜಿಸಿ 7293: ಕಾಲು ಡಿಗ್ರಿಯಷ್ಟು ಅಗಲ, ಮೇಲ್ಮೈ ಪ್ರಕಾಶ ತೀರಾ ಕಡಿಮೆ. 25 ಮಿ.ಮೀ. ಐಪೀಸಿಗೆ ಓ-ತ್ರೀ ತಿರುಪಿದರೆ ಬೂದು ಉಂಗುರ ಎದ್ದು ಬರುತ್ತದೆ. ಅದೇ ಫಿಲ್ಟರನ್ನು 5 ಮಿ.ಮೀ. ಐಪೀಸಿಗೆ ಹಾಕಿದರೆ ಪೂರ್ತಿ ಕತ್ತಲು. ಫಿಲ್ಟರ್ ಇದ್ದಾಗ ಎಕ್ಸಿಟ್ ಪ್ಯೂಪಿಲ್ 2.5 ಮಿ.ಮೀ.ಗಿಂತ ಕೆಳಗಿಳಿಸದಿರುವುದು ನನ್ನ ರೂಢಿ. ರಾಜಹಂಸ ಪುಂಜದ ಎನ್‌ಜಿಸಿ 6826 ಓರೆನೋಟದ ಅಭ್ಯಾಸಕ್ಕೆಂದೇ ಇಟ್ಟಂತಿದೆ. ನೇರ ನೋಡಿದರೆ ನಡುವಿನ ನಕ್ಷತ್ರ ಮಾತ್ರ, ಓರೆಯಾದರೆ ನೆಬ್ಯುಲಾ ಉಬ್ಬಿ ನಕ್ಷತ್ರವನ್ನು ನುಂಗುತ್ತದೆ.

ಬರೆದಿಡುವಾಗ ನಾನು ಮೂರು ದರ್ಜೆ ಇಟ್ಟುಕೊಂಡಿದ್ದೇನೆ: ನೇರ ಕಂಡದ್ದು, ಓರೆನೋಟದಲ್ಲಿ ನಿಂತದ್ದು, ಬಂದು ಹೋಗಿ ಮಾಡಿದ್ದು. ಮೂರನೆಯದಕ್ಕೆ ಒಂದು ಷರತ್ತು: ಕಣ್ಣು ತೆಗೆದು ಮತ್ತೆ ಇಟ್ಟಾಗ ಮೂರು ಸಲವೂ ಅದೇ ಜಾಗದಲ್ಲಿ ಬರಬೇಕು. ಫೋಟೊ ಮೊದಲೇ ನೋಡಿಕೊಂಡು ಹೋದರೆ ಮನಸ್ಸು ಇಲ್ಲದ ಸುರುಳಿಯನ್ನೂ ಬಿಡಿಸಿಕೊಡುತ್ತದೆ. ಅದಕ್ಕೇ ನಕ್ಷತ್ರ ಮಾತ್ರ ಇರುವ ನಕ್ಷೆ ಒಯ್ಯುತ್ತೇನೆ. ಬಿಳಿ ಹಾಳೆಯ ಮೇಲೆ 2ಬಿ ಪೆನ್ಸಿಲಿನಲ್ಲಿ ಉದ್ದ ಯಾವ ದಿಕ್ಕಿಗೆ ಎಂದು ಎಳೆದು, ಮರುದಿನ ಫೋಟೊ ಜೊತೆ ಹೋಲಿಸುತ್ತೇನೆ.

ಎನ್‌ಜಿಸಿ 7331 ಗ್ಯಾಲಕ್ಸಿಯಿಂದ ನೈಋತ್ಯದತ್ತ ಅರ್ಧ ಡಿಗ್ರಿಯಲ್ಲಿರುವ ಸ್ಟೀಫನ್ ಪಂಚಕ ಎಂಬ ಐದು ಗ್ಯಾಲಕ್ಸಿಗಳ ಗುಂಪಿಗೆ ಈ ದರ್ಜೆಗಳು ಸರಿಯಾಗಿ ಒಗ್ಗುತ್ತವೆ. 156 ಪಟ್ಟಿನಲ್ಲಿ ಎನ್‌ಜಿಸಿ 7320 ಓರೆನೋಟದಲ್ಲಿ ನಿಲ್ಲುತ್ತದೆ. 7318ರ ಎರಡು ಗ್ಯಾಲಕ್ಸಿಗಳು ಸೇರಿ ಉದ್ದನೆಯ ಒಂದೇ ಕಲೆ. 7317 ಪಕ್ಕದ ನಕ್ಷತ್ರಕ್ಕೆ ಅಂಟಿಕೊಂಡು ಬಂದು ಹೋಗಿ ಮಾಡುತ್ತದೆ. 7319ರ ಮುಂದೆ ನನ್ನ ಪುಸ್ತಕದಲ್ಲಿ ಇನ್ನೂ ಪ್ರಶ್ನಾರ್ಥಕ ಚಿಹ್ನೆಯೇ ಇದೆ.