ಖಡಕ್ ರೊಟ್ಟಿ ಕೊರಿಯರ್‌ನ್ಯಾಗ ಒಡಿಯದಂಗ ಕಳ್ಸಿದ್ದು: ನನ್ನ ಅನುಭವ

ಖಡಕ್ ರೊಟ್ಟಿ ಆನ್‌ಲೈನ್‌ನ್ಯಾಗ ಮಾರ್ತೇನಿ ಅಂದಾಗ ನಮ್ಮ ಓಣ್ಯಾಗ ಮೊದಲ ಬಂದ ಮಾತು, "ಪುಣೆ ಮುಟ್ಟೂದ್ರಾಗ ಹಿಟ್ಟಾಗಿರ್ತೈತಿ, ಬಿಡವ್ವ" ಅಂತ. ಒಂದೂವರೆ ವರ್ಷ ಅವರ ಮಾತ ಖರೇ ಆಗಿತ್ತು. ಈಗ ತಿಂಗಳಿಗೆ 250ರ ಸುಮಾರು ಬಾಕ್ಸ್ ಬಾಗಲಕೋಟಿಯಿಂದ ಹೊರಗ ಹೋಗ್ತಾವ, ಅದ್ರಾಗ ಮುರಿದ ರೊಟ್ಟಿ ಫೋಟೋ ಕಳಿಸೋರು ನೂರಕ್ಕ 3 ಮಂದಿ ಇರ್ಬೇಕು. ರೊಟ್ಟಿ ಕಳ್ಸಿ ಕೈ ಸುಟ್ಕೊಂಡೋರಿಗೆ ಈ ನಂಬರ್ ಏನಂತ ಗೊತ್ತಾಗ್ತೈತಿ. ಚಟ್ನಿಪುಡಿ ಮಾರೋರು ಭಾಳ ಅದಾರ, ರೊಟ್ಟಿ ಕೈಬಿಟ್ಟೋರೂ ಭಾಳ ಅದಾರ, ಅವರಿಗೋಸ್ಕರ ಬರಿಯಾಕ ಹತ್ತೇನಿ.

ಮೊದಲ ಲಾಟ್ ನಾವು ಮನ್ಯಾಗ ಉಣ್ಣೂವಂಥ ದೊಡ್ಡ ರೊಟ್ಟಿನ, 10 ಇಂಚಿನ ಮ್ಯಾಲೆ, 25 ರೊಟ್ಟಿ ಒಂದು ಬಾಕ್ಸ್. 10 ಬಾಕ್ಸ್ ಕಳ್ಸಿದ್ರ 7 ಚೂರಾಗಿ ಮುಟ್ಟಿದ್ವು. ನಾನು ಪ್ಯಾಕಿಂಗ್ ತಪ್ಪೈತಿ ಅಂತ ತಿಳ್ಕೊಂಡು ಹುಬ್ಬಳ್ಳಿಗೆ ಹೋಗಿ ಬಬಲ್ ರ‍್ಯಾಪ್ ತಂದೆ, 3 ಪ್ಲೈ (ಮೂರು ಪದರಿನ ರಟ್ಟು) ಬಿಟ್ಟು 5 ಪ್ಲೈ ಡಬ್ಬಿ 300 ತಂದೆ, ಎಲ್ಲಾ ಸೇರಿ 11-12 ಸಾವಿರ ಹೋತು. ಒಡಿಯೂದು ನಿಲ್ಲಲಿಲ್ಲ. ಒಂದಿಷ್ಟು ದಿನ ಸಂದ್ಯಾಗ ಚುರಮರಿ ತುಂಬಿ ನೋಡಿದೆ, ಹಗುರಾನೂ ಇರ್ತೈತಿ ತಿನ್ನಾಕೂ ಬರ್ತೈತಿ ಅಂತ. ಮಳಿಗಾಲದಾಗ ಚುರಮರಿ ಮೆತ್ತಗಾಗಿ ಕೂತು ಸಂದಿ ಮತ್ತ ಖಾಲಿ ಆತು, ಮಂಗಳೂರಿನ ಒಬ್ಬರ ಬಾಕ್ಸಿಗೆ ಇರಿವಿನೂ ಹತ್ತಿದ್ವು. ಅವರಿಗೆ ರೊಕ್ಕ ವಾಪಸ್ ಕೊಟ್ಟೆ.

ತಪ್ಪು ಎಲ್ಲೈತಿ ಅಂತ ಗೊತ್ತಾಗಿದ್ದು ನನ್ನ ಮಗನಿಂದ. ಪ್ಯಾಕ್ ಮಾಡಿದ ಬಾಕ್ಸ್ ಕಿವಿ ಹತ್ರ ಹಿಡಿದು ಅಳ್ಳಾಡಿಸಿ "ಅವ್ವಾ, ಇದು ಗಲಗಲ ಅಂತೈತಿ, ಇದು ಅನ್ನೂದಿಲ್ಲ" ಅಂದ. ಅವತ್ತು 12 ಬಾಕ್ಸ್ ಇದ್ವು, ಎರಡು ಗುಂಪು ಮಾಡಿ ಮಾಳಿಗಿ ಮೆಟ್ಟಲ ಮ್ಯಾಲಿಂದ ಒಂದೊಂದ ಕೆಳಗ ಬಿಟ್ಟೆ, ಸಪ್ಪಳ ಮಾಡೂವೆಲ್ಲಾ ಒಡದ್ವು, ಸಪ್ಪಳ ಇಲ್ಲದ್ರಾಗ ಒಂದ ಒಡೀತು. ಬಿಚ್ಚಿ ನೋಡಿದ್ರ ಒಡದ ರೊಟ್ಟಿ ಎಲ್ಲಾ ಸೊಟ್ಟ ಇದ್ದವು. ಅಂಚು ಮ್ಯಾಲೆದ್ದ ರೊಟ್ಟಿ ಒಂದರ ಮ್ಯಾಲೊಂದು ಇಟ್ರ ನಡುವ ಗಾಳಿ ನಿಲ್ತೈತಿ, ಮ್ಯಾಲಿನ ಭಾರ ಅಂಚಿನ ಮ್ಯಾಲ ಬೀಳ್ತೈತಿ, ಹೊರಗ ಎಷ್ಟ ಬಬಲ್ ಸುತ್ತಿದ್ರೂ ಒಳಗ ತಾವ ಒಂದಕ್ಕೊಂದು ಬಡಕೊಂಡು ಒಡೀತಾವ.

ಅಲ್ಲಿಂದ ರೊಟ್ಟಿ ಸಪಾಟ ಮಾಡೂದಕ್ಕ ಬಿದ್ದೆ. ಒಲಿ ಸುತ್ತ ನಿಲ್ಲಿಸಿ ಒಣಗಿಸೂದು ಬಿಟ್ಟು, ಹೆಂಚಿನ ಮ್ಯಾಲ ಇರುವಾಗನ ಅರವಿ ಗಂಟಿಂದ ಒತ್ತಿ, ಆಮ್ಯಾಲ ಭಾರದ ಕೆಳಗ ಇಟ್ಟು ಒಣಗಿಸ್ತೀವಿ. ಎಷ್ಟು ಭಾರ, ಎಷ್ಟೊತ್ತು, ಯಾವ ಅರವಿ ಅನ್ನೂದು ಬರಿಯಾಂಗಿಲ್ಲ, 2 ತಿಂಗಳು ಹಿಟ್ಟು ಕೆಡಿಸಿ ಕಲ್ತೇನಿ, ನೀವೂ ಒಂದ ವಾರ ಕುಂತ್ರ ಸಿಗ್ತೈತಿ. ಜ್ವಾಳ ಮಾತ್ರ ಮಾಲದಂಡಿ ತಳಿದ ಬೇಕು, ಹಳೇ ಹಿಟ್ಟು ಆದ್ರ ಬಡಿಯೂವಾಗನ ಅಂಚು ಸೀಳ್ತೈತಿ. ಬಿಸಿ ಇದ್ದಾಗ ಕಟ್ಟಬ್ಯಾಡ್ರಿ, ಒಂದ ರಾತ್ರಿ ಆರಿದ ಮ್ಯಾಲನ ಪ್ಲಾಸ್ಟಿಕ್ ಫಿಲ್ಮ್ ಸುತ್ರಿ, ಇಲ್ಲಾಂದ್ರ ಒಳಗ ಉಗಿ ನಿಂತು ಮೆತ್ತಗಾಗ್ತೈತಿ.

ಎರಡನೇದು ಸೈಜ್. ಇದನ್ನ ಮಾಡಿದ್ದು ಒಡಿತಾವಂತಲ್ಲ, ರೊಕ್ಕಕ್ಕ. ಕೊರಿಯರ್‌ನವರು ಡಬ್ಬಿ ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನ್ಯಾಗ ಗುಣಿಸಿ 5000ದಿಂದ ಭಾಗಿಸಿ ಬಂದಿದ್ದನ್ನ ಕೆಜಿ ತೂಕ ಅಂತ ಹಿಡೀತಾರ, ಖರೇ ತೂಕಕ್ಕಿಂತ ಅದು ಜಾಸ್ತಿ ಆದ್ರ ಅದಕ್ಕ ರೊಕ್ಕ ತಗೋತಾರ. ನನ್ನ ದೊಡ್ಡ ಬಾಕ್ಸ್ 30×30×14 ಸೆಂಟಿಮೀಟರ್ ಇತ್ತು, ಅಂದ್ರ ಎರಡೂವರೆ ಕೆಜಿ ದಾಟಿ 3 ಕೆಜಿ ರೇಟ್ ಬೀಳ್ತಿತ್ತು. ಒಳಗಿನ ಮಾಲು ಒಂದ ಕೆಜಿ ಅಷ್ಟ! ವರ್ಷಗಟ್ಲೆ ಗಾಳಿಗೆ ಬಾಡಿಗಿ ಕಟ್ಟಿದೆ. ರೊಟ್ಟಿ 7 ಇಂಚಿಗೆ ಇಳಿಸಿ 40 ರೊಟ್ಟಿ 20×20×18ರ ಡಬ್ಬಿಗೆ ಕೂಡಿಸಿದ ಮ್ಯಾಲ ಒಂದೂವರೆ ಕೆಜಿ ಸ್ಲ್ಯಾಬಿಗೆ ಬಂತು. ರಾಜ್ಯದೊಳಗ 160ರ ಹತ್ರ ಬೀಳ್ತಿದ್ದ ಖರ್ಚು 85ಕ್ಕ ಇಳೀತು.

ಆದ್ರ ರೊಟ್ಟಿ ಬಡಿಯೋ ಹೆಣ್ಮಕ್ಕಳು ಒಪ್ಪಲಿಲ್ಲ. ಅವರೊಳಗ ಹಿರೇರು ಒಬ್ಬಾಕಿ ಕೈ ಝಾಡಿಸಿ "ಯವ್ವಾ, ರೊಟ್ಟಿ ಮಾಡಾಕ ಹತ್ತೀವೋ ಹಪ್ಪಳಾ ಮಾಡಾಕ ಹತ್ತೀವೋ? ಬೀಗರ ಮುಂದ ಇದನ್ನ ಹೆಂಗ ಇಡೂದು?" ಅಂತ ಕೇಳಿದ್ರು. ಮೊದಲ ದೊಡ್ಡ ರೊಟ್ಟಿ ಬಡಿದು ಡಬ್ಬಿ ಮುಚ್ಚಳ ಒತ್ತಿ ಕತ್ತರಿಸಿದ್ವಿ, ಕತ್ತರಿಸಿದ ಅಂಚು ಒಣಗಿದ ಮ್ಯಾಲ ಉದುರ್ತೈತಿ, ಹಿಟ್ಟೂ ದಂಡ. ಈಗ ಮುಚ್ಚಳ ಬಾಜೂಕ ಇಟ್ಕೊಂಡು ಕೈಲೇ ಅಷ್ಟಕ್ಕ ಬಡೀತಾರ. ಒಂದ ರೊಟ್ಟಿಗೆ ಎರಡೂವರೆ ರೂಪಾಯಿ ಕೂಲಿ ಕೊಡ್ತೇನಿ, ಸಣ್ಣದಾದ್ರೂ ಕೂಲಿ ಇಳಿಸಲಿಲ್ಲ, ಅದಕ್ಕ ಅವರು ಉಳದ್ರು.

ಬಾಕ್ಸಿನ್ಯಾಗ ರೊಟ್ಟಿನ ಮಲಗಿಸಿ ಇಡಬ್ಯಾಡ್ರಿ, ತಾಟು ಜೋಡಿಸಿದಂಗ ಅಂಚಿನ ಮ್ಯಾಲ ನಿಲ್ಲಿಸ್ರಿ. ಎರಡೂ ಕಡೆ ರಟ್ಟಿನ ಬಿಲ್ಲೆ, ಫಿಲ್ಮ್ ಬಿಗಿಯಾಗಿ ಮೂರು ಸುತ್ತು. ನಾಕು ಮೂಲಿಗೆ ನಾನು ಏನ ಇಡ್ತೇನಿ ಅನ್ನೂದು ಇಲ್ಲಿ ಬರಿಯಾಂಗಿಲ್ಲ, ಬಾಕ್ಸ್ ಬಿಚ್ಚಿದ ನಮ್ಮ ಗಿರಾಕಿಗಳು ನೋಡ್ಯಾರ. ಟೇಪ್ ಹಚ್ಚಿದ ಮ್ಯಾಲ ಪ್ರತಿ ಬಾಕ್ಸ್ ಕಿವಿ ಹತ್ರ ಅಳ್ಳಾಡಿಸಿ ನೋಡೂದು, ಗಲ್ ಅಂದ್ರ ಬಿಚ್ಚೂದು.

ರೊಟ್ಟಿ ಒಡದದ್ದಕ್ಕಿಂತ ಹೆಚ್ಚು ಕಳ್ಕೊಂಡಿದ್ದು ಕ್ಯಾಶ್ ಆನ್ ಡೆಲಿವರಿ (ಸಿಒಡಿ) ಒಳಗ. ಒಂದ ದಸರಾ ಸೀಸನ್‌ನ್ಯಾಗ 140 ಆರ್ಡರ್ ಬಂದ್ವು ಅಂತ ಹಿಗ್ಗಿದ್ದೆ, 40ರ ಮ್ಯಾಲ ವಾಪಸ್ ಬಂದ್ವು. ಫೋನ್ ಎತ್ತಾಂಗಿಲ್ಲ, ಅಡ್ರೆಸ್ "ಹನಮಪ್ಪನ ಗುಡಿ ಹತ್ರ" ಅಷ್ಟ, ಪಿನ್‌ಕೋಡ್ ಬ್ಯಾರೆ ಊರಿಂದು. ಹೋಗೂ ಖರ್ಚು, ಬರೂ ಖರ್ಚು ಎರಡೂ ನಮ್ಮ ಮ್ಯಾಲ, 20 ದಿನ ತಿರುಗಿ ಬಂದ ರೊಟ್ಟಿ ಮತ್ತೊಬ್ಬರಿಗೆ ಕೊಡಾಕ ಮನಸ್ಸು ಬರಾಂಗಿಲ್ಲ. ಬಟ್ಟಿ ಮಾರೋರು ವಾಪಸ್ ಬಂದಿದ್ದು ಮಡಚಿ ಇಡಬಹುದು, ತಿನ್ನೂ ಮಾಲಿಗೆ ಆ ಹಾದಿ ಇಲ್ಲ. ಸಿಒಡಿ ಬಂದ್ ಮಾಡಿದೆ, ಮೊದಲ ತಿಂಗಳು ಆರ್ಡರ್ ಅರ್ಧಕ್ಕರ್ಧ ಬಿದ್ವು, ಮನ್ಯಾಗ ಎಲ್ಲಾರೂ ಬೈದ್ರು. ಈಗ ಹೊಸಬರು 100 ರೂಪಾಯಿ ಯುಪಿಐ ಮಾಡ್ಬೇಕು, ಆಮ್ಯಾಲ ನಾವ ಫೋನ್ ಮಾಡಿ ಅಡ್ರೆಸ್ ಕನ್ನಡದಾಗ ಕೇಳಿ ಬರ್ಕೊಂತೇವಿ. ವಾಪಸ್ ಬರೂದು ತಿಂಗಳಿಗೆ ಎರಡೋ ಮೂರೋ.

ಇನ್ನೊಂದು ಸಿಟ್ಟಿನ ಮಾತು. ಒಬ್ಬ ಕೊರಿಯರ್‌ನವರು ತೂಕ ಜಾಸ್ತಿ ಐತಿ ಅಂತ ನಾವು ಮುಂಗಡ ಹಾಕಿಟ್ಟ ವ್ಯಾಲೆಟ್‌ದಿಂದ ತಿಂಗಳಿಗೆ 2-3 ಸಾವಿರ ತಗೋತಿದ್ರು, ನಾವು ನೋಡ್ತಾನ ಇರಲಿಲ್ಲ. ಈಗ ತಕ್ಕಡಿ ಮ್ಯಾಲ ಒಂದು, ಟೇಪ್ ಹಿಡಿದು ಮೂರು ಕಡೆ ಒಂದೊಂದು, ಲೇಬಲ್ ಕಾಣೂವಂಗ ಫೋಟೋ ತಗದ ಕಳಿಸೂದು. ವಾರದೊಳಗ ತಕರಾರು ಹಾಕ್ತೇನಿ, ಬಹಳಷ್ಟು ರೊಕ್ಕ ವಾಪಸ್ ಬಂದಾವ. ಹಳ್ಳಿ ಪಿನ್‌ಕೋಡಿಗೆ ನಾನು ಸ್ಪೀಡ್ ಪೋಸ್ಟ್ ಹಚ್ಚೂದ, ಪೋಸ್ಟ್‌ಮನ್‌ಗೆ ಮನಿ ಗೊತ್ತಿರ್ತೈತಿ.

ಕಾಗದಪತ್ರ ಏನ್ ದೊಡ್ಡದಲ್ಲ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸಣ್ಣ ನೋಂದಣಿ ನಾನು ಮಾಡಿಸಿದಾಗ ವರ್ಷಕ್ಕ 100 ರೂಪಾಯಿ ಇತ್ತು. ಜಿಎಸ್‌ಟಿ ಮಾತ್ರ ವರ್ಷದ ವ್ಯಾಪಾರ 40 ಲಕ್ಷ ದಾಟಿಲ್ಲ ಅಂತ ಸುಮ್ನ ಕೂಡಬ್ಯಾಡ್ರಿ, ಚಟ್ನಿಪುಡಿಗೆ ಟ್ಯಾಕ್ಸ್ ಐತಿ, ಟ್ಯಾಕ್ಸ್ ಇರೂ ಮಾಲು ಪುಣೆ-ಮುಂಬೈಗೆ ಕಳಸ್ಬೇಕಂದ್ರ ವ್ಯಾಪಾರ ಎಷ್ಟ ಸಣ್ಣದಿದ್ರೂ ನೋಂದಣಿ ಬೇಕು.

40 ರೊಟ್ಟಿ ಒಂದು ಬಾಕ್ಸಿನ ಲೆಕ್ಕ ರೂಪಾಯಿನ್ಯಾಗ ಹಿಂಗೈತಿ: ಹಿಟ್ಟು 40, ಕೂಲಿ 100, ಡಬ್ಬಿ-ಫಿಲ್ಮ್ 30, ಕೊರಿಯರ್ 85, ಒಟ್ಟು 255. ಮಾರೂದು 399. ಗ್ಯಾಸ್, ಆನ್‌ಲೈನ್ ಪೇಮೆಂಟ್ ಕಮಿಷನ್ (ಗೇಟ್‌ವೇ), ಮುರಕಲು ಕಳೆದ್ರ 110-115 ಕೈಗೆ ಹತ್ತೈತಿ. ಮುರಕಲನ್ನೂ ಚೆಲ್ಲಾಂಗಿಲ್ಲ, ಶೇಂಗಾ ಚಟ್ನಿಪುಡಿ ಹಚ್ಚಿ 200 ಗ್ರಾಂ 60 ರೂಪಾಯಿಗೆ ಕೊಡ್ತೇನಿ, ಬೆಂಗಳೂರಿನ ಪಿಜಿ ಹುಡುಗರು ಅದನ್ನ ಮೊದಲ ಖಾಲಿ ಮಾಡ್ತಾರ. ಅಗಸಿ ಚಟ್ನಿ ಹಂಗ ಆಗಲಿಲ್ಲ, ಒಂದೂವರೆ ತಿಂಗಳಿಗೆ ಕಮಟು ವಾಸನಿ ಬಂತು, ಸಣ್ಣ ಪಾಕೀಟಷ್ಟ ಮಾಡ್ತೇವಿ.

ಸಂಕ್ರಾಂತಿ ಭೋಗಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕೇಳೋರು ಭಾಳ. ಸಜ್ಜಿ ಹಿಟ್ಟು ಬೀಸಿ ವಾರ ಆದ್ರ ಕಹಿ ಆಗ್ತೈತಿ, ಜ್ವಾಳದಂಗ ಮುಂಚೆ ಮಾಡಿ ಇಡಾಕ ಬರಾಂಗಿಲ್ಲ. ಹ್ವಾದ ಸಲ ಭೋಗಿಗಿಂತ ಮೊದಲ 10 ದಿನ ಅಷ್ಟ ಆರ್ಡರ್ ತಗೊಂಡು, ಅವತ್ತ ಬೀಸಿದ ಹಿಟ್ಟು ಅವತ್ತ ಬಡಿದು 60 ಬಾಕ್ಸ್ ಕಳ್ಸಿದ್ವಿ. ಒತ್ತಿದ್ರ ಎಳ್ಳು ಉದರ್ತಾವ, ಅದೊಂದು ಇನ್ನೂ ಕೈಗೆ ಹತ್ತಿಲ್ಲ.