ಜೈಲಿನಿಂದ ಬಂದವನನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗ

ತುಮಕೂರಿನಲ್ಲಿ ನನ್ನದು ಮರಗೆಲಸದ ಶೆಡ್. ಜೈಲಿನಲ್ಲಿ ಕೆಲಸ ಕಲಿತು ಬಂದವರನ್ನು ಇಟ್ಟುಕೊಳ್ಳುತ್ತೇನೆಂದು ತಿಳಿದ ಕೆಲವು ಮಾಲೀಕರು ಈಚೆಗೆ ಸಲಹೆ ಕೇಳುತ್ತಾರೆ.

ಮೊದಲು ಕಾಗದ ನೋಡಿ. ಊರವರ ಬಾಯಲ್ಲಿ ಎಲ್ಲರೂ ‘ಒಳಗೆ ಹೋಗಿ ಬಂದವರೇ’. ಆದರೆ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು ವಿಚಾರಣಾಧೀನರು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಶಿಕ್ಷೆ ಮುಗಿಸಿದ್ದಾನೆಯೇ, ಖುಲಾಸೆಯಾಗಿದ್ದಾನೆಯೇ, ಜಾಮೀನಿನ ಮೇಲಿದ್ದಾನೆಯೇ ಕೇಳಿ. ಜಾಮೀನಾದರೆ ವಾಯಿದೆಯ ದಿನಾಂಕವನ್ನು ನಿಮ್ಮ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ. ಗೋಡೆಯ ಕ್ಯಾಲೆಂಡರ್ ಬೇಡ, ಎಲ್ಲರೂ ಓದುತ್ತಾರೆ. ಆ ದಿನದ ಸಂಬಳ ಹಿಡಿಯಬೇಡಿ. ಕೋರ್ಟ್ ತಪ್ಪಿಸಿದರೆ ವಾರಂಟ್ ಹೊರಡುತ್ತದೆ, ನಿಮ್ಮ ಕೆಲಸವೂ ನಿಲ್ಲುತ್ತದೆ. ಯಾವ ಪ್ರಕರಣ ಎಂಬುದು ನಿಮಗೆ ಗೊತ್ತಿರಲೇಬೇಕು. ಮನೆಮನೆಗೆ ಫಿಟ್ಟಿಂಗ್‌ಗೆ ಆಳು ಕಳುಹಿಸುವವರು ಸಂಕೋಚಪಟ್ಟು ಕೇಳದಿದ್ದರೆ ಅದು ಬೇಜವಾಬ್ದಾರಿ. ಗಿರಾಕಿ ಕೇಳಿದರೆ ಮಾತ್ರ ‘ನಮ್ಮ ಬಡಗಿ’ ಎಂದಷ್ಟೇ ಹೇಳಿ.

ಮೊದಲ ದಿನವೇ ಕೈಗೆ ಪೊರಕೆ ಕೊಡಬೇಡಿ. ಅಡುಗೆ ಯಾರದು, ಕಸ ಗುಡಿಸುವುದು ಯಾರದು ಎಂಬುದನ್ನು ಹಲವು ರಾಜ್ಯಗಳ ಜೈಲು ಕೈಪಿಡಿಗಳೇ ಜಾತಿ ನೋಡಿ ಹಂಚಿದ್ದವು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿದ್ದು 2024ರ ಅಕ್ಟೋಬರಿನಲ್ಲಿ. ನಮ್ಮ ಶೆಡ್‌ಗಳೇನು ಕಡಿಮೆಯಿಲ್ಲ. ‘ಅಂಥವನು’ ಬಂದರೆ ಹೊಟ್ಟು ಬಳಿಯುವುದು, ಚಹಾ ಲೋಟ ತೊಳೆಯುವುದು ತಾನಾಗಿಯೇ ಅವನ ಪಾಲಿಗೆ ಬೀಳುತ್ತದೆ. ನಮ್ಮಲ್ಲಿ ಅವರವರ ಮೇಜಿನ ಹೊಟ್ಟನ್ನು ಅವರವರೇ ಬಳಿಯಬೇಕು, ನಾನೂ ಸೇರಿ.

ಒಬ್ಬನಿದ್ದ. ಬಾಗಿಲು ಬರೀ ಮುಂದೆ ಮಾಡಿದ್ದರೂ ತಳ್ಳುತ್ತಿರಲಿಲ್ಲ. ಯಾರಾದರೂ ತೆರೆಯುವ ತನಕ ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ. ನೀರು ಕುಡಿಯಲೂ ಅಪ್ಪಣೆ ಕೇಳುತ್ತಿದ್ದ. ಉಳಿದವರು ಇದನ್ನು ಕಳ್ಳನಡತೆ ಎಂದುಕೊಂಡರು. ನಾನು ಬಾಗಿಲಿಗೆ ಒಂದು ಕಲ್ಲು ಕೊಟ್ಟು ದಿನವಿಡೀ ತೆರೆದಿಟ್ಟೆ. ಭಾಷಣ ಮಾಡಿದ್ದರೆ ಅವನು ಮರುದಿನ ಬರುತ್ತಿರಲಿಲ್ಲ.

ನಿಜವಾದ ಪೇಚು ಬರುವುದು ಏನಾದರೂ ಕಳೆದಾಗ. ಒಂದು ಉಳಿ ಕಾಣದಿದ್ದರೆ ಸಾಕು, ಎಲ್ಲರ ಕಣ್ಣೂ ಒಂದೇ ಕಡೆ ಹೊರಳುತ್ತವೆ. ಅಂಥ ದಿನಕ್ಕೆ ಮುಂಚೆಯೇ ಏರ್ಪಾಟು ಇರಲಿ: ಸಂಜೆ ಎಲ್ಲರ ಸಾಮಾನು ಎಣಿಸಿ ಪುಸ್ತಕದಲ್ಲಿ ಬರೆಯಿರಿ, ಚೀಲ ನೋಡಬೇಕಾದರೆ ಎಲ್ಲರದ್ದೂ ನೋಡಿ, ಮಾಲೀಕನ ಚೀಲದಿಂದಲೇ ಶುರುಮಾಡಿ.

ಬಾಡಿಗೆ ಕೋಣೆ ಹುಡುಕಲು ಒಬ್ಬನನ್ನೇ ಕಳುಹಿಸಬೇಡಿ, ಜೊತೆಗೆ ಹೋಗಿ. ವಿಳಾಸ ಸಿಕ್ಕ ಮೇಲೆ ಆಧಾರ್, ಬ್ಯಾಂಕ್ ಖಾತೆ ಸರಿಪಡಿಸಿ. ಜೈಲಿನೊಳಗೆ ವಿಚಾರಣಾಧೀನರಿಗೂ ಮತ ಹಾಕಲು ಬರುವುದಿಲ್ಲ. ಹೊರಬಂದವನಿಗೆ ಆ ತಡೆ ಇಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಉಳಿದಿದೆಯೇ ನೋಡಿಸಿ, ಇಲ್ಲದಿದ್ದರೆ ನಮೂನೆ 6 ತುಂಬಿಸಿ.